ವಾರ್ಡಿನ ಡೆಂಗಿ ಲೆಕ್ಕ: ಏನು ಎಣಿಸಬೇಕು, ಎಲ್ಲಿಗೆ ಒಯ್ಯಬೇಕು

ಡೆಂಗಿ ಹೆಚ್ಚಾದ ಕೂಡಲೇ ವಾರ್ಡಿನಲ್ಲಿ ಕೇಳಿಬರುವ ಮೊದಲ ಬೇಡಿಕೆ ಫಾಗಿಂಗ್. ಆ ಹೊಗೆಗೆ ಸಾಯುವುದು ಹಾರಾಡುತ್ತಿರುವ ಸೊಳ್ಳೆ ಮಾತ್ರ. ನೀರಿನೊಳಗಿನ ಲಾರ್ವಾ ಹಾಗೇ ಉಳಿದು ಕೆಲವೇ ದಿನಗಳಲ್ಲಿ ಸೊಳ್ಳೆಯಾಗಿ ಏಳುತ್ತದೆ. ಪಾಲಿಕೆಯಿಂದ ಇದಕ್ಕಿಂತ ಉಪಯೋಗದ ಕೆಲಸ ಮಾಡಿಸಬೇಕೆಂದರೆ, ಯಾವ ಬೀದಿಯಲ್ಲಿ, ಯಾವ ಬಗೆಯ ಪಾತ್ರೆಯಲ್ಲಿ ಲಾರ್ವಾ ಇದೆ ಎಂಬ ಲೆಕ್ಕ ನಿಮ್ಮ ಕೈಯಲ್ಲಿರಬೇಕು.

ಸಮೀಕ್ಷೆಯ ಫಾರಂ ಮಾಡುವ ಮುಂಚೆ

ವಾರ್ಡ್ ಮಟ್ಟದಲ್ಲಿ ಬದಲಾಯಿಸಲು ಸಾಧ್ಯವಿರುವುದನ್ನು ಮೊದಲು ಬರೆದುಕೊಳ್ಳಿ: ನೀರು ಬಿಡುವ ಸರದಿ, ಕಸದ ಗಾಡಿ ಬರುವ ದಿನ, ಕಟ್ಟಡ ಕಾಮಗಾರಿಗಳ ತಪಾಸಣೆ, ಡ್ರಮ್ ಮುಚ್ಚಳಕ್ಕೆ ಅನುದಾನ. ಇವುಗಳಲ್ಲಿ ಒಂದನ್ನಾದರೂ ಅಲುಗಿಸದ ಪ್ರಶ್ನೆ ಫಾರಂನಲ್ಲಿ ಬೇಡ. ಒಂದು ಪುಟ ದಾಟಿದ ಫಾರಂ ಅರ್ಧಕ್ಕೇ ನಿಲ್ಲುತ್ತದೆ.

ರೋಗಿಗಳ ಪಟ್ಟಿಯನ್ನು ಎಷ್ಟು ನಂಬಬೇಕು

ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಂದ ವಾರವಾರದ, ಬೀದಿವಾರು ಸಂಖ್ಯೆ ಕೇಳಿ. ಹೆಸರು, ಫೋನ್ ನಂಬರ್ ಕೇಳಬೇಡಿ, ಕೊಟ್ಟರೂ ಇಟ್ಟುಕೊಳ್ಳಬೇಡಿ. ಈ ಪಟ್ಟಿಯಲ್ಲಿ ಮೂರು ತೊಡಕುಗಳಿವೆ.

ಒಂದು, ದಿನಾಂಕ. ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ, ಪರೀಕ್ಷೆ ಆಗುವುದು ಇನ್ನೂ ತಡ. ಆದ್ದರಿಂದ ವರದಿ ಬಂದ ದಿನ ಬಿಟ್ಟು ಜ್ವರ ಶುರುವಾದ ದಿನವನ್ನು ಹಿಡಿಯಿರಿ. ಎರಡು, ವಿಳಾಸ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹಾರುವುದು ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ 400 ಮೀಟರ್ ಒಳಗೆ. ಶಾಲೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಕಚ್ಚಿಸಿಕೊಂಡವರೂ ಪಟ್ಟಿಯಲ್ಲಿ ಮನೆಯ ಬೀದಿಗೇ ಸೇರುತ್ತಾರೆ. ಹಗಲು ಎಲ್ಲಿರುತ್ತಾರೆ ಎಂಬ ಕಾಲಂ ಇರಲಿ. ಮೂರು, ಪರೀಕ್ಷೆ. ಲ್ಯಾಬ್ ಹತ್ತಿರವಿರುವ ಬಡಾವಣೆಯಲ್ಲಿ ಪ್ರಕರಣ ಹೆಚ್ಚು ಕಾಣುತ್ತದೆ. ದಿನಗೂಲಿ ಬಿಟ್ಟು ಪರೀಕ್ಷೆಗೆ ಹೋಗಲಾಗದವರ ಬೀದಿ ನಕ್ಷೆಯಲ್ಲಿ ಸುರಕ್ಷಿತವಾಗಿ ಕಾಣುತ್ತದೆ. ಇದನ್ನು ಗಮನಿಸದಿದ್ದರೆ ಹಣ ಹೋಗಬೇಕಾದ ಕಡೆಗೇ ಹೋಗುವುದಿಲ್ಲ.

ಜನಸಂಖ್ಯೆಯಿಂದ ಭಾಗಿಸುವಾಗಲೂ ಎಚ್ಚರ ಬೇಕು. 2011ರ ಜನಗಣತಿ ನಡೆದಾಗ ಬೆಂಗಳೂರಿನಲ್ಲಿದ್ದದ್ದು 198 ವಾರ್ಡ್. ಆಮೇಲೆ ಗಡಿಗಳು ಬದಲಾಗಿವೆ. ಹಳೆಯ ಜನಸಂಖ್ಯೆಯಿಂದ ಹೊಸ ವಾರ್ಡಿನ ಪ್ರಕರಣಗಳನ್ನು ಭಾಗಿಸಿದರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಅದರ ಬದಲು ಆಶಾ ಕಾರ್ಯಕರ್ತೆಯರ ಮನೆಪಟ್ಟಿ ಬಳಸಿ.

ಮನೆ ಸಮೀಕ್ಷೆ

ವಾರ್ಡನ್ನು ನೀರು ಬಿಡುವ ವಾಲ್ವ್ ಪ್ರಕಾರ ವಿಂಗಡಿಸಿ. ಯಾವ ವಾಲ್ವ್ ಯಾವ ಬೀದಿಗೆ, ಎಷ್ಟು ದಿನಕ್ಕೊಮ್ಮೆ ಎಂಬುದು ವಾಲ್ವ್‌ಮನ್‌ಗೆ ಗೊತ್ತಿರುತ್ತದೆ; ಕಚೇರಿಯ ನಕ್ಷೆಗಿಂತ ಅವರ ಮಾತು ನಿಖರ. ಪ್ರತಿ ಭಾಗದಲ್ಲಿ ಕನಿಷ್ಠ 100 ಮನೆ ನೋಡಿ. 500 ಮನೆಗಳಿದ್ದರೆ 1ರಿಂದ 5ರೊಳಗೆ ಚೀಟಿ ಎತ್ತಿ, ಬಂದ ಸಂಖ್ಯೆಯ ಮನೆಯಿಂದ ಶುರುಮಾಡಿ ಪ್ರತಿ ಐದನೇ ಮನೆಗೆ ಹೋಗಿ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಜಿಗಿಯಬೇಡಿ; ಭಾನುವಾರವೋ ಸಂಜೆಯೋ ಮತ್ತೆ ಹೋಗಿ. ಇಬ್ಬರೂ ದುಡಿಯಲು ಹೋಗುವ ಮನೆಗಳೇ ಹಗಲು ಬೀಗ ಹಾಕಿರುತ್ತವೆ, ನೀರು ತುಂಬಿಡುವ ಅಗತ್ಯ ಅವರಿಗೇ ಹೆಚ್ಚು.

ಬೇಕಾದದ್ದು ಟಾರ್ಚ್, ಬಿಳಿ ಬಟ್ಟಲು, ಸೌಟು, ಫಾರಂ. ನೀರನ್ನು ಕಲಕುವ ಮೊದಲೇ ಟಾರ್ಚ್ ಹಾಕಿ ನೋಡಿ, ನೆರಳು ಬಿದ್ದರೆ ಲಾರ್ವಾ ತಳಕ್ಕೆ ಇಳಿಯುತ್ತದೆ. ಡ್ರಮ್, ಸಂಪು, ಸಿಂಟೆಕ್ಸ್, ಫ್ರಿಜ್ ಹಿಂದಿನ ಟ್ರೇ, ಕೂಲರ್, ಅಂಗಳದ ಒರಳುಕಲ್ಲು, ತೆಂಗಿನ ಚಿಪ್ಪು, ಟೈರು, ಕಾಮಗಾರಿ ಸ್ಥಳದಲ್ಲಿ ಕ್ಯೂರಿಂಗ್‌ಗೆ (ಕಾಂಕ್ರೀಟ್ ಗಟ್ಟಿಯಾಗಲು) ನಿಲ್ಲಿಸಿದ ನೀರು: ಪ್ರತಿಯೊಂದಕ್ಕೂ ಬೇರೆ ಸಾಲು ಇರಲಿ. ಲಾರ್ವಾ ಇಲ್ಲದ ಪಾತ್ರೆಯನ್ನೂ ಎಣಿಸಬೇಕು. ಅದನ್ನು ಬಿಟ್ಟರೆ ಯಾವ ಪಾತ್ರೆ ಹೆಚ್ಚು ಅಪಾಯ ಎಂದು ಹೇಳಲಾಗದು.

ಲೆಕ್ಕ

200 ಮನೆ ನೋಡಿ, 30 ಮನೆಗಳ 48 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು ಎಂದಿಟ್ಟುಕೊಳ್ಳಿ. ಮನೆ ಸೂಚ್ಯಂಕ, ಅಂದರೆ 100 ಮನೆಗಳಲ್ಲಿ ಎಷ್ಟರಲ್ಲಿ ಲಾರ್ವಾ ಇದೆ, 30 ÷ 200 × 100 = 15. ಬ್ರೆಟೋ ಸೂಚ್ಯಂಕ, ಅಂದರೆ 100 ಮನೆಗೆ ಎಷ್ಟು ಲಾರ್ವಾ ಇರುವ ಪಾತ್ರೆ, 48 ÷ 200 × 100 = 24. ಬ್ರೆಟೋ 5ರ ಕೆಳಗಿದ್ದರೆ ಅಪಾಯ ಕಡಿಮೆ, 50 ದಾಟಿದರೆ ಹೆಚ್ಚು ಎಂಬ ಮಾನದಂಡ ಹಳದಿ ಜ್ವರದ ಅನುಭವದಿಂದ ಬಂದದ್ದು; ಡೆಂಗಿಗೆ ಅದು ಖಾತರಿಯಲ್ಲ. ವಾಲ್ವ್ ಭಾಗಗಳನ್ನು ಒಂದಕ್ಕೊಂದು ಹೋಲಿಸಲು ಬಳಸಿ, ಸಾಕು.

ನಿಜವಾದ ಉತ್ತರ ಇರುವುದು ಪಾತ್ರೆಯ ಕಾಲಂನಲ್ಲಿ. ಆ 48ರಲ್ಲಿ 33 ಡ್ರಮ್‌ಗಳಾಗಿದ್ದು, ಅವು ಐದು ದಿನಕ್ಕೊಮ್ಮೆ ನೀರು ಬರುವ ಬೀದಿಗಳಲ್ಲೇ ಇದ್ದರೆ ಅದು ನೀರು ಸರಬರಾಜಿನ ಸಮಸ್ಯೆ. ಅಲ್ಲಿನ ಮನೆಯವರಿಗೆ ದಂಡ ಹಾಕುವುದು ಅನ್ಯಾಯ, ನೀರಿಲ್ಲದೆ ಯಾರೂ ಡ್ರಮ್ ಖಾಲಿ ಇಡಲಾರರು. ಸರದಿ ಹತ್ತಿರ ಮಾಡುವುದು, ಬಿಗಿ ಮುಚ್ಚಳ ಅಥವಾ ಬಲೆಬಟ್ಟೆ ಕೊಡುವುದು ಪಾಲಿಕೆಯ ಹೊಣೆ. ಟೈರೇ ಹೆಚ್ಚಿದ್ದರೆ ಪಂಕ್ಚರ್ ಅಂಗಡಿಗಳಿಂದ ಎತ್ತುವ ವ್ಯವಸ್ಥೆ ಬೇಕು. ಕಾಮಗಾರಿ ಸ್ಥಳಗಳೇ ಮುಂದಿದ್ದರೆ ದಂಡ ಸರಿ: 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದಾಗ ನಗರದ ಮನೆಗೆ 400, ಕಾಮಗಾರಿ ಸ್ಥಳಕ್ಕೆ 2,000 ರೂಪಾಯಿ ಎಂದು ನಿಗದಿಮಾಡಿತು.

ವಾರ್ಡ್ ಸಭೆಗೆ ಒಯ್ಯುವುದು

ಒಂದೇ ಹಾಳೆ ಸಾಕು: ನಕ್ಷೆ, ಪಾತ್ರೆವಾರು ಪಟ್ಟಿ, ಎರಡು ಬೇಡಿಕೆ, ಪ್ರತಿಯೊಂದಕ್ಕೂ ಯಾರು, ಯಾವಾಗ, ಎಷ್ಟು ಖರ್ಚು. ಐದಕ್ಕಿಂತ ಕಡಿಮೆ ಪ್ರಕರಣವಿರುವ ಬೀದಿಯನ್ನು ಹೆಸರಿಸದೆ ಪಕ್ಕದ ಬೀದಿಗಳ ಜೊತೆ ಸೇರಿಸಿ ತೋರಿಸಿ. ಇಲ್ಲವಾದರೆ ಯಾರ ಮನೆ ಎಂದು ಊರಿಗೇ ಗೊತ್ತಾಗುತ್ತದೆ. ಹಣದ ಬೇಡಿಕೆಯಾದರೆ ಪಾಲಿಕೆ ಬಜೆಟ್ ತಯಾರಾಗುವ ಮುಂಚೆ, ಡಿಸೆಂಬರ್ ಒಳಗೆ ಕೊಡಿ. ಜುಲೈನಲ್ಲಿ ಕೊಟ್ಟ ಹಾಳೆಗೆ ಸಿಗುವುದು ಫಾಗಿಂಗ್ ಮಾತ್ರ. ತೀರ್ಮಾನವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆಯಿರಿ.

ಮರುಸಮೀಕ್ಷೆ

ಕೆಲಸವಾದ ನಾಲ್ಕು ವಾರಕ್ಕೆ ಅದೇ ಭಾಗಗಳಲ್ಲಿ ಹೊಸ ಚೀಟಿ ಎತ್ತಿ ಮತ್ತೆ ನೋಡಿ. ಹಿಂದೆ ನೋಡಿದ ಮನೆಗಳಿಗೇ ಹೋದರೆ ಅವರು ಈಗಾಗಲೇ ಡ್ರಮ್ ತೊಳೆದಿರುತ್ತಾರೆ, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಕ್ರಮ ಕೈಗೊಳ್ಳದ ಒಂದು ವಾಲ್ವ್ ಭಾಗವನ್ನೂ ಅಳೆಯಿರಿ. ಮಳೆ ನಿಂತರೆ ಅಲ್ಲೂ ಲಾರ್ವಾ ಇಳಿಯುತ್ತದೆ, ಆ ಇಳಿಕೆಯನ್ನು ನಿಮ್ಮ ಕೆಲಸದ ಲೆಕ್ಕಕ್ಕೆ ಸೇರಿಸಬಾರದು. ಮುಚ್ಚಳ ಕೊಟ್ಟ ಮೇಲೂ ಡ್ರಮ್‌ನಲ್ಲಿ ಲಾರ್ವಾ ಸಿಕ್ಕರೆ ಒಳಗೋಡೆ ಉಜ್ಜಿದ್ದಾರೆಯೇ ನೋಡಿ: ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತುಂಬಿದಾಗ ಒಡೆಯುತ್ತದೆ.