ಬಾಗಿಲು ತೆಗೆಯಬೇಕಾ ಬೇಡ್ವಾ? ಕತೆ ನಿಲ್ಲಿಸಿ ಕೇಳಿದೆ

ಕತೆ ಮುಗಿದ ಕೂಡಲೇ 'ಇದರ ನೀತಿ ಏನು?' ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಒಂದನೇ, ಎರಡನೇ ಕ್ಲಾಸಿನ ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡುತ್ತಾರೆ. ಅವರ ಮನಸ್ಸಿನಲ್ಲಿರುವುದು ಒಳಗೇ ಉಳಿಯುತ್ತದೆ.

ನಾನು ಕಲಿಸುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ. ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಹವ್ಯಕ ಕನ್ನಡ. ಹೇಳಲಿಕ್ಕೆ ತುಂಬ ಇರುತ್ತದೆ, ಪುಸ್ತಕದ ಕನ್ನಡ ಬಾಯಿಗೆ ಬರುವುದಿಲ್ಲ. ಹಾಗಾಗಿ ಮೊದಲು ಚಿತ್ರ, ಆಮೇಲೆ ಆಟ. ಬರೆಯುವುದು ಕೊನೆಗೆ.

ಕಾಗಕ್ಕ ಗುಬ್ಬಕ್ಕನ ಕತೆಯನ್ನೇ ತಗೊಳ್ಳಿ. ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿತು. ಗುಬ್ಬಕ್ಕನ ಕಲ್ಲಿನ ಮನೆಯ ಬಾಗಿಲು ತಟ್ಟಿದಳು. 'ತಡಿ, ಮಗುವಿಗೆ ಸ್ನಾನ ಮಾಡಿಸ್ತಿದ್ದೇನೆ.' ಅಲ್ಲಿಗೆ ಕತೆ ನಿಲ್ಲಿಸಿ, ಒಳಗಿರುವ ಗುಬ್ಬಕ್ಕನ ಮುಖವಾಡ ಮಾಡಿ ಎಂದೆ.

ಮುಖಕ್ಕೆ ಅಡಿಕೆ ಹಾಳೆ. ಒಣಗಿದ ಹಾಳೆ ಸೀಳುತ್ತದೆ, ನೀರಲ್ಲಿ ನೆನೆಸಿದರೆ ಕತ್ತರಿಗೆ ಬಗ್ಗುತ್ತದೆ. ಕಪ್ಪಿಗೆ ಇದ್ದಿಲು, ಹಳದಿಗೆ ಅರಸಿನ. ಅರಸಿನಕ್ಕೆ ಚೂರು ಸುಣ್ಣ ಬಿದ್ದರೆ ಕೆಂಪು. ಸುಣ್ಣ ಮುಟ್ಟುವುದು ನಾನು ಮಾತ್ರ.

ಒಬ್ಬಳು ಹುಡುಗಿ ಹಾಳೆ ತುಂಬ ಕಣ್ಣೇ ಬರೆದಿದ್ದಳು.

"ಗುಬ್ಬಕ್ಕನಿಗೆ ಸಿಟ್ಟಾ?"

"ಅಲ್ಲ ಟೀಚರ್, ಹೆದರಿಕೆ. ಕಾಗೆ ಮರಿಗಳನ್ನು ತಿಂತದಲ್ಲ!"

ಎಷ್ಟು ಸರಿಯಾದ ಮಾತು! ಗುಬ್ಬಕ್ಕ ಕಲ್ಲುಮನಸ್ಸಿನವಳು ಎಂದೇ ನಾವೆಲ್ಲ ಹೇಳಿಕೊಂಡು ಬಂದದ್ದು ಅಲ್ವಾ? ಇವಳಿಗೆ ಕಂಡದ್ದು ಮರಿಗಳ ತಾಯಿ.

ಆಮೇಲೆ ಬಾಗಿಲು ತೆಗೆಯಬೇಕಾ ಬೇಡ್ವಾ ಎಂದು ವಾದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಹತ್ತಿರ, ಯಕ್ಷಗಾನ ಮಕ್ಕಳಿಗೆ ಹೊಸತಲ್ಲ. ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕುಳಿತೇ ಪಾತ್ರವಾಗಿ ಮಾತಾಡುತ್ತಾರೆ. ಅದೇ ಕ್ರಮ ಹಿಡಿದೆವು. ನಡುವಿನ ಬೆಂಚು ಬಾಗಿಲು. ಹಿಂದೆ ಕೂತವರು ಬೆರಳಿನಿಂದ ಡೆಸ್ಕ್ ಬಡಿದು ಮಳೆ ತರಿಸಿದರು. ಕಾಗಕ್ಕ ನಾನೇ ಆದೆ. ಟೀಚರೇ ಪಾತ್ರವಾಗಿ ಮಕ್ಕಳ ಎದುರು ನಿಲ್ಲುವ ಈ ದಾರಿಯನ್ನು ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊತಿ ಹೀತ್‌ಕೋಟ್ ಬಹಳ ಬೆಳೆಸಿದರು. ಇದರ ಗುಣ ನಾನು ಕಣ್ಣಾರೆ ಕಂಡಿದ್ದೇನೆ. ಟೀಚರ್ ಕೇಳಿದರೆ ತಲೆ ತಗ್ಗಿಸುವ ಹುಡುಗ, ಚಳಿಗೆ ನಡುಗುವ ಕಾಗಕ್ಕನಿಗೆ ತುಳುವಿನಲ್ಲೇ ಬುದ್ಧಿ ಹೇಳಿದ: ಒಳಗೆ ಬಾ, ಆದರೆ ಮರಿಗಳ ಹತ್ತಿರ ಹೋಗಬೇಡ, ಒಲೆಯ ಬದಿಯಲ್ಲಿ ಕೂತುಕೋ.

ಅವರು ಆಡಿದ್ದನ್ನೆಲ್ಲ ಆಮೇಲೆ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದೆ. ಮರುದಿನದ ಓದಿಗೆ ಅದೇ ಪಾಠ. ತಮ್ಮದೇ ಮಾತಾದ್ದರಿಂದ ತಡವರಿಸುವವರೂ ಬೆರಳಿಟ್ಟು ಓದಿದರು.

ಪುರುಸೊತ್ತಿಲ್ಲದಿದ್ದರೆ ಮುಖವಾಡ ಬಿಡಿ, ಪರವಾಗಿಲ್ಲ. ಕತೆಯನ್ನು ಎಲ್ಲಿ ನಿಲ್ಲಿಸುವುದು ಎಂದು ಮಾತ್ರ ಹಿಂದಿನ ದಿನವೇ ಯೋಚಿಸಿ. ಒಳಗೆ ಬಿಡಬೇಕಾ ಬೇಡ್ವಾ ಎಂದು ಯಾರಾದರೂ ತೀರ್ಮಾನಿಸಲೇಬೇಕಾದ ಜಾಗ ಹುಡುಕಿ.