ನನ್ನ ಅನುಭವ: ಎರಡು ದಳದ ಹೂವು ಏಮಾರಿಸಿದ್ದು

ಹರಳು ಗಿಡದ ಕುಟುಂಬವಾದ ಯೂಫೋರ್ಬಿಯೇಸಿಯ ಬಳ್ಳಿಗಳನ್ನು ವಿಂಗಡಿಸಲು ಕೂತ ಮೊದಲ ವಾರವೇ ಒಂದು ಒಣ ಮಾದರಿ ನನ್ನನ್ನು ಚೆನ್ನಾಗಿ ಏಮಾರಿಸಿತು. ಹಾಳೆಯ ಮೇಲೆ ಅಗಲವಾದ ಎರಡು ನೇರಳೆ ದಳಗಳ ಹೂವು. ಈ ಕುಟುಂಬದಲ್ಲಿ ಇಷ್ಟು ದೊಡ್ಡ ದಳ ಎಲ್ಲಿಂದ ಬರಬೇಕು ಎಂದುಕೊಂಡು ಬೇರೆ ಕುಟುಂಬದ ಹೆಸರು ಬರೆದು ಚೀಟಿ ಅಂಟಿಸಿಬಿಟ್ಟೆ. ಈ ಕುಟುಂಬದ ಸಾಮಾನ್ಯ ಗುರುತಾದ ಮೂರು ಹೋಳಿನ ಕಾಯಿ ಅದೇ ಹಾಳೆಯಲ್ಲಿ ಕಣ್ಣೆದುರೇ ಇತ್ತು. ನೋಡುವ ವ್ಯವಧಾನ ನನಗಿರಲಿಲ್ಲ.

ಅದು ಡೇಲೆಶಾಂಪಿಯಾ. ಫ್ರೆಂಚ್ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಜಾಕ್ ಡೇಲೆಶಾಂಪ್‌ನ ಹೆಸರಿನ ಕುಲ (ಜೀನಸ್). ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲೇ ಇದನ್ನು ದಾಖಲಿಸಿದ್ದ. ಸುಮಾರು 120 ಪ್ರಭೇದಗಳು, ಹೆಚ್ಚಿನವು ಅಮೆರಿಕದ ಉಷ್ಣವಲಯದವು. ಉಳಿದವು ಆಫ್ರಿಕ, ಮಡಗಾಸ್ಕರ್, ಏಷ್ಯಾಗಳಲ್ಲಿ.

ತಪ್ಪು ಗೊತ್ತಾದದ್ದು ಬಿಡಿ ಹೂವೊಂದನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಸೂಕ್ಷ್ಮದರ್ಶಕದಡಿ ಬಿಡಿಸಿದಾಗ. ನಾನು ದಳ ಎಂದುಕೊಂಡವು ಬಣ್ಣ ತಳೆದ ಎಲೆಗಳು, ಬ್ರಾಕ್ಟ್‌ಗಳು. ಅವುಗಳ ನಡುವೆ ಒಂದು ಇಡೀ ಹೂಗೊಂಚಲೇ ಅಡಗಿತ್ತು! ಕೆಳಗೆ ಮೂರು ಹೆಣ್ಣು ಹೂಗಳು, ಮೇಲೆ ಹತ್ತರ ಆಸುಪಾಸು ಗಂಡು ಹೂಗಳು, ಪಕ್ಕದಲ್ಲಿ ಮೇಣದಂಥ ಗಟ್ಟಿ ಉಂಡೆ. ಆ ಉಂಡೆಯನ್ನು ಕೊಳೆ ಎಂದು ಕೆರೆದು ತೆಗೆಯಲು ಹೊರಟಿದ್ದೆ. ಅದು ರಾಳಗ್ರಂಥಿ. ಮಕರಂದದ ಬದಲು ಈ ಬಳ್ಳಿ ಕೊಡುವುದು ರಾಳ. ಕೆಲವು ಜೇನ್ನೊಣಗಳು ಗೂಡು ಕಟ್ಟಲು ಅದನ್ನು ಒಯ್ಯುತ್ತವೆ, ಹೋಗುವಾಗ ಪರಾಗವೂ ಮೈಗಂಟುತ್ತದೆ. ರಾಳ ಎಲ್ಲ ಪ್ರಭೇದಗಳಲ್ಲೂ ಇಲ್ಲ. ಕೆಲವು ಪರಿಮಳ ಕೊಡುತ್ತವೆ, ಕೆಲವು ಪರಾಗವನ್ನೇ.

ಅಂದಿನಿಂದ ನಾನು ಎಲೆಯಿಂದ ಶುರುಮಾಡುವುದಿಲ್ಲ. ಎಲೆ ಸೀಳಿದೆಯೋ ಇಲ್ಲವೋ ಎಂಬುದನ್ನು ನಂಬಿ ಕೆಟ್ಟವರು ಬಹಳ. ಗ್ರಂಥಿಯ ಆಕಾರ, ಹೆಣ್ಣು ಹೂವಿನ ಶಲಾಕೆಯ (ಅಂಡಾಶಯದ ಮೇಲಿನ ಕಡ್ಡಿಯಂಥ ಭಾಗ) ತುದಿ, ಪುಷ್ಪಪಾತ್ರೆಯ (ಹೂವಿನ ಹೊರ ಸುತ್ತು) ಎಸಳಿನ ಅಂಚು ಇವೇ ನನಗೆ ದಾರಿ ತೋರಿಸುವಂಥವು. ಸಸ್ಯಶಾಸ್ತ್ರಜ್ಞರಾದ ವೆಬ್‌ಸ್ಟರ್ ಮತ್ತು ಆರ್ಮ್‌ಬ್ರಸ್ಟರ್ 1991ರಲ್ಲಿ ಅಮೆರಿಕದ ಪ್ರಭೇದಗಳನ್ನು ವಿಂಗಡಿಸಿದ್ದನ್ನು ಓದುವಾಗಲೂ ಕಣ್ಣು ಹೂವಿನ ಮೇಲೇ ಇರಬೇಕು. ಅಂದಹಾಗೆ, ಪುಷ್ಪಪಾತ್ರೆಯ ಆ ಎಸಳುಗಳು ಕಾಯಿ ಬಲಿಯುವಾಗ ತಾವೂ ಬೆಳೆದು ಚುಚ್ಚುವ ರೋಮಗಳಿಂದ ಅದನ್ನು ಸುತ್ತುತ್ತವೆ. ಚಿಮಟ ಹಿಡಿಯದೆ ನಾನು ಮುಟ್ಟಿದ್ದು ಒಂದೇ ಸಲ.

ಹತ್ತಿರದ ನೆಂಟರಾದ ಪ್ಲುಕೆನೆಟಿಯಾ, ಟ್ರೇಜಿಯಾ ಕುಲಗಳಲ್ಲಿ ಇಂಥ ಜೋಡಿ ಬ್ರಾಕ್ಟ್ ಇಲ್ಲ. ಪ್ಲುಕೆನೆಟಿಯಾದ ಕಾಯಿ ಸಾಮಾನ್ಯವಾಗಿ ನಾಲ್ಕು ಹೋಳು, ಸುಲಭ. ಟ್ರೇಜಿಯಾ ಮಾತ್ರ ತಲೆನೋವು: ಅದರೊಳಗೆ ಸೇರಿಸಿದವೆಲ್ಲ ಒಂದೇ ಬೇರಿನವಲ್ಲ ಎಂದು ಡಿಎನ್‌ಎ ಹೇಳುತ್ತಿದೆ.

ಹರ್ಬೇರಿಯಂನಲ್ಲಿ, ಅಂದರೆ ಒಣ ಸಸ್ಯಮಾದರಿಗಳ ಸಂಗ್ರಹಾಲಯದಲ್ಲಿ, ಹಳೆಯ ಚೀಟಿ ಕೀಳುವಂತಿಲ್ಲ, ಪಕ್ಕದಲ್ಲಿ ಹೊಸದನ್ನು ಅಂಟಿಸಬೇಕು. ಹಾಗಾಗಿ ಆ ಹಾಳೆಯಲ್ಲಿ ನನ್ನ ಕೈಬರಹದ ಎರಡು ಚೀಟಿಗಳಿವೆ.