ಕಾಡಿನ ಲೆಕ್ಕಕ್ಕೆ ನಿಮ್ಮದೂ ಒಂದು ಕೈ: ವನ್ಯಜೀವಿ ಸಮೀಕ್ಷೆಯ ಸ್ವಯಂಸೇವಕರಾಗುವುದು ಹೇಗೆ?

ಪ್ರಾಣಿ ಹಾದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾವನ್ನು (ಕ್ಯಾಮೆರಾ ಟ್ರ್ಯಾಪ್) ನಾಲ್ಕು ವಾರ ಕಾಡಿನಲ್ಲಿಟ್ಟು, ಅದರ ಕಾರ್ಡ್ ತೆಗೆದು ನೋಡಿದರೆ ಗಾಳಿಗೆ ತೂಗುವ ಸೊಪ್ಪು, ಎರಡು ಜಿಂಕೆ, ಮತ್ತೆ ಸೊಪ್ಪು. ‘ಏನೂ ಸಿಗಲಿಲ್ಲ’ ಎಂದು ಎಲ್ಲವನ್ನೂ ಅಳಿಸಿ ಬೇರೆ ಜಾಗ ಹುಡುಕುವುದು ಹೊಸ ಸ್ವಯಂಸೇವಕರು ಮಾಡುವ ದೊಡ್ಡ ತಪ್ಪು. ಆ ಜಾಗದಲ್ಲಿ 28 ರಾತ್ರಿ ಕ್ಯಾಮೆರಾ ಎಚ್ಚರವಿತ್ತು, ಆದರೂ ನರಿ ಹಾಯಲಿಲ್ಲ ಎಂಬುದಕ್ಕೆ ನರಿಯ ಫೋಟೊದಷ್ಟೇ ಬೆಲೆ ಇದೆ.

ಕಾರಣ ಸರಳ. ಪ್ರಾಣಿ ಆ ಕಾಡಿನಲ್ಲಿದ್ದರೂ ಪ್ರತಿ ಸಲ ಕಣ್ಣಿಗೆ ಬೀಳುವುದಿಲ್ಲ. ಒಂದು ಭೇಟಿಯಲ್ಲಿ ಅದು ಸಿಗುವ ಸಾಧ್ಯತೆ ಶೇ 30 ಎಂದುಕೊಳ್ಳಿ. ಐದು ಸಲ ಹೋದರೂ ಒಮ್ಮೆಯೂ ಸಿಗದಿರುವ ಸಾಧ್ಯತೆ ಸುಮಾರು ಶೇ 17. ಹತ್ತು ಸಲ ಹೋದರೆ ಅದು ಶೇ 3ಕ್ಕೆ ಇಳಿಯುತ್ತದೆ. ಎಷ್ಟು ಸಲ ಹುಡುಕಿದಿರಿ, ಎಷ್ಟು ಸಲ ಸಿಗಲಿಲ್ಲ ಎರಡೂ ಬರೆದಿದ್ದರೆ ಮಾತ್ರ ‘ಇಲ್ಲಿ ನರಿ ಇಲ್ಲ’ ಎನ್ನುವುದಕ್ಕೂ ‘ನಮಗೆ ಕಾಣಲಿಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ವಿಜ್ಞಾನಿಗಳು ಲೆಕ್ಕ ಹಾಕಬಲ್ಲರು.

ಜನಸಾಮಾನ್ಯರು ಕಲೆಹಾಕಿದ ಲೆಕ್ಕವನ್ನು ನಂಬಬಹುದೇ ಎಂಬ ಅನುಮಾನ ಬೇಡ. ಅಮೆರಿಕದಲ್ಲಿ ಕ್ರಿಸ್‌ಮಸ್ ಹಕ್ಕಿ ಗಣತಿ 1900ರಿಂದ ನಡೆದು ಬಂದಿದೆ. ಟಾಂಜಾನಿಯಾದ ಸೆರೆಂಗೆಟಿಯಲ್ಲಿ 225 ಕ್ಯಾಮೆರಾಗಳು ತೆಗೆದ ಫೋಟೊಗಳನ್ನು ಅಂತರ್ಜಾಲದ ಮೂಲಕ ಸಾವಿರಾರು ಸ್ವಯಂಸೇವಕರು ಗುರುತಿಸಿದರು. ಒಂದೇ ಫೋಟೊಗೆ ಹಲವರು ಕೊಟ್ಟ ಉತ್ತರಗಳನ್ನು ಒಟ್ಟುಗೂಡಿಸಿದಾಗ ಅವು ತಜ್ಞರ ಉತ್ತರಕ್ಕೆ ಸುಮಾರು ಶೇ 97ರಷ್ಟು ಹೊಂದಿಕೆಯಾದವು.

ಶುರು ಮಾಡುವ ಮುನ್ನ

ಮೊದಲ ವರ್ಷ ಸ್ವಂತ ಯೋಜನೆ ಬೇಡ, ಈಗಾಗಲೇ ನಡೆಯುತ್ತಿರುವ ಸಮೀಕ್ಷೆಗೆ ಸೇರಿ. ಸೇರುವಾಗ ನಾಲ್ಕು ವಿಷಯ ಕೇಳಿ ತಿಳಿಯಿರಿ: ಈ ಸಮೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ, ಲಿಖಿತ ವಿಧಾನ ಇದೆಯೇ, ಮಾಹಿತಿ ಯಾರ ಬಳಿ ಇರುತ್ತದೆ, ಅಪರೂಪದ ಪ್ರಾಣಿಯ ಜಾಗವನ್ನು ಹೇಗೆ ಗುಟ್ಟಾಗಿಡುತ್ತಾರೆ. ಮೊದಲ ಪ್ರಶ್ನೆಗೇ ಉತ್ತರ ತಡವರಿಸಿದರೆ ಬೇರೆ ತಂಡ ನೋಡಿ. ಕಾಡಿನ ಒಡೆತನ ಯಾರದೋ ಅವರ ಲಿಖಿತ ಅನುಮತಿಯ ಪ್ರತಿ ಜೇಬಿನಲ್ಲಿರಲಿ. ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದು ಊರಿನಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಜಾಗ ಆರಿಸುವುದು

ನಕ್ಷೆಯ ಮೇಲೆ ಕಾಡನ್ನು ಸಮನಾದ ಚೌಕಗಳಾಗಿ ಭಾಗಿಸಿರುತ್ತಾರೆ. ಪ್ರತಿ ಚೌಕದಲ್ಲಿ ಒಂದು ಬಿಂದು ನಿಮ್ಮದು. ಅಲ್ಲಿಗೆ ತಲುಪಿದ ಮೇಲೆ ವಿಧಾನದಲ್ಲಿ ಹೇಳಿದಷ್ಟು ದೂರದೊಳಗೆ, ಸಾಮಾನ್ಯವಾಗಿ ಬಿಂದುವಿನಿಂದ 50ರಿಂದ 100 ಮೀಟರ್ ಒಳಗೆ, ಪ್ರಾಣಿಗಳು ಓಡಾಡುವ ಕಾಲುದಾರಿ ಹುಡುಕಿ. ‘ಅಲ್ಲಿ ಆಚೆ ನೀರಿನ ಗುಂಡಿ ಹತ್ತಿರ ಕಟ್ಟಿದರೆ ಒಳ್ಳೆಯ ಫೋಟೊ ಬರುತ್ತದೆ’ ಎಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಎಲ್ಲರೂ ಹಾಗೆ ಮಾಡಿದರೆ ಇಡೀ ಕಾಡು ನೀರಿನ ಗುಂಡಿಯಷ್ಟೇ ಸಮೃದ್ಧ ಎಂಬ ಸುಳ್ಳು ಲೆಕ್ಕ ಬರುತ್ತದೆ. ವಿಧಾನದಲ್ಲಿ ಇಲ್ಲದಿದ್ದರೆ ಮಾಂಸ, ಹಣ್ಣು, ವಾಸನೆಯ ಆಮಿಷ ಯಾವುದನ್ನೂ ಇಡಬೇಡಿ. ಆಮಿಷ ಕೆಲವು ಪ್ರಾಣಿಗಳನ್ನು ಎಳೆದು ತರುತ್ತದೆ, ಕೆಲವನ್ನು ದೂರ ಓಡಿಸುತ್ತದೆ.

ಕ್ಯಾಮೆರಾ ಕಟ್ಟುವುದು

ಸಮೀಕ್ಷೆ ಹಾಳಾಗುವುದು ಬಹುತೇಕ ಇಲ್ಲಿಯೇ. ಹಾಗಾಗಿ ಒಂದು ಕ್ಯಾಮೆರಾಗೆ ಅರ್ಧ ಗಂಟೆ ತೆಗೆದಿಡಿ.

ಕ್ಯಾಮೆರಾ ಟ್ರ್ಯಾಪ್ ಕಾಯುವುದು ಶಾಖದ ವ್ಯತ್ಯಾಸವನ್ನು. ಹಿನ್ನೆಲೆಗಿಂತ ಬೇರೆ ಉಷ್ಣತೆಯ ವಸ್ತುವೊಂದು ಸೆನ್ಸರ್ ಮುಂದೆ ಚಲಿಸಿದಾಗ ಅದು ಕ್ಲಿಕ್ ಆಗುತ್ತದೆ. ಸುಡುಬಿಸಿಲಿನಲ್ಲಿ ಹಿನ್ನೆಲೆಯೂ ಪ್ರಾಣಿಯ ಮೈಯಷ್ಟೇ ಬಿಸಿಯಾದರೆ ಜಿಂಕೆ ಎದುರಿಗೇ ನಡೆದು ಹೋದರೂ ಸೆನ್ಸರ್‌ಗೆ ಗೊತ್ತಾಗದಿರಬಹುದು. ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲುಗಿದರೆ ಪ್ರಾಣಿಯಿಲ್ಲದೆಯೂ ಕ್ಲಿಕ್ ಆಗುತ್ತದೆ. ಕಪ್ಪೆ, ಹಾವು, ಹಲ್ಲಿಗಳ ಮೈ ಸುತ್ತಲಿನಷ್ಟೇ ಬೆಚ್ಚಗಿರುವುದರಿಂದ ಈ ಯಂತ್ರ ಅವುಗಳ ಲೆಕ್ಕಕ್ಕೆ ಹೊಂದುವುದಿಲ್ಲ. ಇಷ್ಟನ್ನು ಅರ್ಥ ಮಾಡಿಕೊಂಡರೆ ಮುಂದಿನ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ತೊಡೆಗಿಂತ ದಪ್ಪದ ಮರ ಆರಿಸಿ. ಸಣ್ಣ ಮರ ಗಾಳಿಗೆ ತೂಗಿದರೆ ಕ್ಯಾಮೆರಾಗೆ ಇಡೀ ಕಾಡೇ ಚಲಿಸಿದಂತೆ. ಮರ ದಾರಿಯಿಂದ 3ರಿಂದ 5 ಮೀಟರ್ ದೂರ ಇರಲಿ. ಕ್ಯಾಮೆರಾದ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಹುಟ್ಟುವ, ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. ಜಿಂಕೆ, ಕಾಡುಹಂದಿ, ನರಿಯಂಥ ಪ್ರಾಣಿಗಳಿಗೆ ನೆಲದಿಂದ 40ರಿಂದ 50 ಸೆಂಟಿಮೀಟರ್ ಎತ್ತರ ಸಾಕು. ಎದೆಯೆತ್ತರಕ್ಕೆ ಕಟ್ಟಿ ಕೆಳಗೆ ಬಗ್ಗಿಸುವವರಿದ್ದಾರೆ. ಅವರ ಫೋಟೊಗಳಲ್ಲಿ ಬೆನ್ನುಗಳೇ ಹೆಚ್ಚು, ಸಣ್ಣ ಪ್ರಾಣಿಗಳು ತಪ್ಪಿಹೋಗುತ್ತವೆ. ಇಳಿಜಾರಿದ್ದರೆ ಕ್ಯಾಮೆರಾ ಮತ್ತು ಮರದ ನಡುವೆ ಒಂದು ಕಡ್ಡಿ ಸಿಕ್ಕಿಸಿ ಕ್ಯಾಮೆರಾವನ್ನು ನೆಲದ ವಾಟಕ್ಕೆ ಸಮಾನಾಂತರವಾಗಿ ವಾಲಿಸಿ.

ಸೆನ್ಸರ್ ಅಡ್ಡಲಾಗಿ ಹಾಯುವುದನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಎದುರಿಗೆ ಬರುವುದನ್ನು ತಡವಾಗಿ ಹಿಡಿಯುತ್ತದೆ. ಆದರೆ ದಾರಿಗೆ ಸರಿಯಾಗಿ ಅಡ್ಡ ಇಟ್ಟರೆ ವೇಗವಾಗಿ ಓಡುವ ಪ್ರಾಣಿಯ ಬಾಲವಷ್ಟೇ ಫೋಟೊದಲ್ಲಿ ಉಳಿಯುತ್ತದೆ. ದಾರಿಯ ಉದ್ದಕ್ಕೆ ಸ್ವಲ್ಪ ಓರೆಯಾಗಿ ತಿರುಗಿಸಿದರೆ ಎರಡಕ್ಕೂ ಪರಿಹಾರ. ಎದುರಿನ 2–3 ಮೀಟರ್ ಹುಲ್ಲನ್ನು ಕಾಲಿನಿಂದ ಒತ್ತಿ ಮಲಗಿಸಿ, ಸಸಿಗಳನ್ನು ಕಡಿಯಬೇಡಿ. ಹತ್ತಿರದ ಒಂದೇ ಒಂದು ಎಲೆ ಉಳಿದರೂ ರಾತ್ರಿ ಫ್ಲ್ಯಾಶ್ ಅದಕ್ಕೆ ಬಡಿದು ಫೋಟೊ ಪೂರ್ತಿ ಬಿಳಿಚಿಕೊಳ್ಳುತ್ತದೆ. ಮುಚ್ಚಳದ ರಬ್ಬರ್ ಅಂಚಿನಲ್ಲಿ ಮರಳಿನ ಕಣ ಸಿಕ್ಕಿದ್ದರೆ ಒರೆಸಿ. ಮಳೆನೀರು ಒಳಗೆ ಹೋಗುವುದು ಆ ಸಂದಿನಿಂದಲೇ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಹಾಕಿ.

ಸೆಲ್‌ಗಳ ವಿಷಯದಲ್ಲಿ ಜಿಪುಣತನ ಬೇಡ. ಎಂಟು ಎಎ ಸೆಲ್ ಬೇಕಾದ ಕ್ಯಾಮೆರಾಗೆ ಏಳು ಹೊಸದು, ಒಂದು ಹಳೆಯದು ಹಾಕಿದರೆ ಆ ಹಳೆಯದು ಎಲ್ಲವನ್ನೂ ಎಳೆದುಕೊಂಡು ಬೀಳುತ್ತದೆ. ರೀಚಾರ್ಜ್ ಆಗುವ ನಿಕ್ಕಲ್ ಸೆಲ್ 1.2 ವೋಲ್ಟ್, ಸಾಮಾನ್ಯ ಅಲ್ಕಲೈನ್ 1.5 ವೋಲ್ಟ್. ನಿಮ್ಮ ಕ್ಯಾಮೆರಾ 1.2ರಲ್ಲಿ ಓಡುತ್ತದೆಯೇ ಎಂದು ಕೈಪಿಡಿ ನೋಡಿ. ಹಗಲಿನ ಫೋಟೊ ಚೆನ್ನಾಗಿದ್ದು ರಾತ್ರಿಯದು ದಿನೇ ದಿನೇ ಕಪ್ಪಾಗುತ್ತಿದ್ದರೆ ಸೆಲ್ ಸೋಲುತ್ತಿದೆ ಎಂದೇ ಅರ್ಥ.

ಸೆಟ್ಟಿಂಗ್‌ನಲ್ಲಿ ಒಂದು ಕ್ಲಿಕ್‌ಗೆ ಮೂರು ಫೋಟೊ, ನಡುವೆ ವಿರಾಮ ಕನಿಷ್ಠ. ಗಡಿಯಾರ 24 ಗಂಟೆಯದ್ದಿರಲಿ. ಪ್ರತಿದಿನ ಮಧ್ಯಾಹ್ನ ತಾನಾಗಿ ಒಂದು ಫೋಟೊ ತೆಗೆಯುವ ಸೌಲಭ್ಯವಿದ್ದರೆ ತಪ್ಪದೆ ಹಾಕಿ. ಪ್ರಾಣಿ ಬಾರದ ದಿನವೂ ಕ್ಯಾಮೆರಾ ಬದುಕಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಕಾರ್ಡನ್ನು ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ಕೊನೆಗೆ ಪ್ರಾಣಿಯ ಎತ್ತರಕ್ಕೆ ಬಗ್ಗಿ ದಾರಿಯ ಮೇಲೆ ನೀವೇ ಹಾದು ನೋಡಿ. ಕ್ಲಿಕ್ ಆಗದಿದ್ದರೆ ಕೋನ ಸರಿಪಡಿಸಿ. ಸ್ಥಳದ ಸಂಕೇತ, ದಿನಾಂಕ, ಫೋನಿನಲ್ಲಿರುವ ಸಮಯ, ಕಾರ್ಡ್ ಸಂಖ್ಯೆ ಬರೆದ ಹಲಗೆಯನ್ನು ಕ್ಯಾಮೆರಾದ ಮುಂದೆ ಹಿಡಿದು ಒಂದು ಫೋಟೊ ಬರುವಂತೆ ಮಾಡಿ. ಬಿಚ್ಚುವ ದಿನವೂ ಹೀಗೆಯೇ. ಗಡಿಯಾರ ತಪ್ಪಿದ್ದರೆ ಈ ಎರಡು ಫೋಟೊಗಳಿಂದ ಎಷ್ಟು ತಪ್ಪಿದೆ ಎಂದು ತಿಳಿಯುತ್ತದೆ. ಕಪ್ಪು-ಬಿಳುಪಿನ ರಾತ್ರಿ ಫೋಟೊದ ಮೇಲೆ ಮಧ್ಯಾಹ್ನ 1 ಗಂಟೆ ಎಂದಿದ್ದರೆ ಯಾರೋ 12 ಗಂಟೆ ಹಿಂದುಮುಂದು ಮಾಡಿದ್ದಾರೆ.

ಕಾರ್ಡ್ ತೆಗೆದ ಮೇಲೆ

ಕಾಡಿನಲ್ಲಿ ಕಾರ್ಡ್ ಬದಲಿಸಿ, ನಕಲು ಮಾಡುವ ಕೆಲಸ ಮನೆಯಲ್ಲಿ. ಎರಡು ಬೇರೆ ಕಡೆ ನಕಲು ಆಗುವ ತನಕ ಕಾರ್ಡ್ ಅಳಿಸುವಂತಿಲ್ಲ. ಮೊದಲು ಶ್ರಮದ ಲೆಕ್ಕ ಬರೆಯಿರಿ. ಹತ್ತು ಕ್ಯಾಮೆರಾ 30 ರಾತ್ರಿ ಓಡಿದರೆ 300 ‘ಟ್ರ್ಯಾಪ್ ರಾತ್ರಿ’. ಎರಡು ಕ್ಯಾಮೆರಾ 12ನೇ ರಾತ್ರಿಗೇ ನಿಂತಿದ್ದರೆ ಅದು 264. ಈ ವ್ಯತ್ಯಾಸ ಬರೆಯದಿದ್ದರೆ, ಹುಲ್ಲು ಅಲುಗಿ ಕಾರ್ಡ್ ತುಂಬಿದ ಕ್ಯಾಮೆರಾದ ಮುಂದೆ ಪ್ರಾಣಿಗಳೇ ಇರಲಿಲ್ಲ ಎಂಬ ತೀರ್ಮಾನ ಹೊರಡುತ್ತದೆ.

ಖಾಲಿ ಫೋಟೊಗಳನ್ನು ಬೇರ್ಪಡಿಸಲು ಮೆಗಾಡಿಟೆಕ್ಟರ್‌ನಂಥ ತಂತ್ರಾಂಶ ನೆರವಾಗುತ್ತದೆ. ಅದು ಪ್ರಾಣಿ, ಮನುಷ್ಯ, ವಾಹನ ಎಂದಷ್ಟೇ ಹೇಳುತ್ತದೆ, ಯಾವ ಪ್ರಾಣಿ ಎಂದು ಹೇಳುವುದಿಲ್ಲ. ಖಾಲಿ ಎಂದು ಅದು ಎತ್ತಿಟ್ಟವುಗಳಲ್ಲೂ ಕೆಲವನ್ನು ತೆರೆದು ನೋಡಿ. ಗುರುತಿಸುವಾಗ ಇಬ್ಬರು ಬೇರೆಬೇರೆಯಾಗಿ ಬರೆಯಲಿ, ಹೊಂದದಿದ್ದರೆ ಮೂರನೆಯವರು ನೋಡಲಿ. ‘ಸಣ್ಣ ಬೆಕ್ಕಿನ ಜಾತಿ, ಇದಕ್ಕಿಂತ ಹೆಚ್ಚು ತಿಳಿಯದು’ ಎಂದು ಬರೆಯುವುದು ಪ್ರಾಮಾಣಿಕ ಕೆಲಸ. ಊಹೆಯ ಹೆಸರು ಒಮ್ಮೆ ಪಟ್ಟಿಗೆ ಸೇರಿದರೆ ತೆಗೆಯುವುದು ಕಷ್ಟ. ಒಂದೇ ಹಂದಿ ಕ್ಯಾಮೆರಾ ಮುಂದೆ ಹತ್ತು ನಿಮಿಷ ನೆಲ ಕೆದಕಿದರೆ 60 ಫೋಟೊ ಬರಬಹುದು. ಅದು 60 ಹಂದಿಯಲ್ಲ. ಒಂದೇ ಜಾತಿಯ ಫೋಟೊಗಳ ನಡುವೆ 30 ನಿಮಿಷ ಅಂತರವಿದ್ದರೆ ಮಾತ್ರ ಬೇರೆ ಘಟನೆ ಎಂದು ಎಣಿಸುವ ರೂಢಿ ಇದೆ. ಮನುಷ್ಯರ ಫೋಟೊ ಬಂದರೆ ಯಾರಿಗೂ ಕಳಿಸಬೇಡಿ.

ಕ್ಯಾಮೆರಾ ಇಲ್ಲದವರಿಗೆ

ಹೆಜ್ಜೆಗುರುತು ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಫೋಟೊ ತೆಗೆಯಿರಿ. ಬೆಳಕು ಬದಿಯಿಂದ ಬಿದ್ದರೆ ಗುರುತಿನ ಆಳ ಕಾಣುತ್ತದೆ. ಉಗುರು ಬಿಟ್ಟು ಉದ್ದ, ಅಗಲ ಎರಡನ್ನೂ ಮಿಲಿಮೀಟರ್‌ನಲ್ಲಿ ಬರೆಯಿರಿ. ನಾಲ್ಕು ಬೆರಳಿನ ಮುಂದೆ ಉಗುರಿನ ಚುಕ್ಕೆ ಇದ್ದರೆ ಬಹುಮಟ್ಟಿಗೆ ನಾಯಿ, ನರಿಗಳ ಬಳಗ. ಉಗುರು ಕಾಣದೆ, ಅಂಗಾಲಿನ ದಿಂಬಿನ ಹಿಂಬದಿ ಮೂರು ಉಬ್ಬಾಗಿ ಒಡೆದಿದ್ದರೆ ಬೆಕ್ಕಿನ ಬಳಗ. ಒದ್ದೆ ಕೆಸರಿನಲ್ಲಿ ಗುರುತು ಹರಡಿ ನಿಜದ ಪಾದಕ್ಕಿಂತ ದೊಡ್ಡದಾಗುತ್ತದೆ, ಹಾಗಾಗಿ ಒಂದೇ ಗುರುತು ನೋಡಿ ದೊಡ್ಡ ಪ್ರಾಣಿಯ ಸುದ್ದಿ ಹಬ್ಬಿಸಬೇಡಿ. ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಮೂಸಬಾರದು. ಅದರಲ್ಲಿರುವ ಹುಳುಗಳ ಮೊಟ್ಟೆ ಮನುಷ್ಯರಿಗೂ ರೋಗ ತರಬಲ್ಲವು.

ಹಕ್ಕಿಗಳಿಗಾದರೆ ಒಂದು ಬಿಂದುವಿನಲ್ಲಿ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ 10 ನಿಮಿಷ ಕಂಡದ್ದು, ಕೇಳಿದ್ದು ಎಲ್ಲವನ್ನೂ ಬರೆಯಿರಿ. ಹಕ್ಕಿಗಳ ಪಟ್ಟಿ ದಾಖಲಿಸಲು 2002ರಲ್ಲಿ ಶುರುವಾದ ಇಬರ್ಡ್ ಜಾಲತಾಣದಲ್ಲಿ ‘ಪೂರ್ಣ ಪಟ್ಟಿ’ ಎಂದು ಗುರುತು ಹಾಕುವುದು ಕಾಗೆ, ಗುಬ್ಬಿಯನ್ನೂ ಬಿಡದೆ ಬರೆದಾಗ ಮಾತ್ರ.

ಜಾಗದ ಗುಟ್ಟು

ಜಿಪಿಎಸ್ ಅಂಕಿಯನ್ನು ದಶಮಾಂಶ ಡಿಗ್ರಿಯಲ್ಲಿ, ಐದು ಸ್ಥಾನದವರೆಗೆ ಬರೆಯಿರಿ. ದಟ್ಟ ಮರಗಳಡಿ ಒಂದೆರಡು ನಿಮಿಷ ನಿಂತರೆ ನಿಖರತೆ 10 ಮೀಟರ್‌ಗಿಂತ ಒಳಗೆ ಬರಬಹುದು. ಅಷ್ಟು ನಿಖರವಾದ ಅಂಕಿ ಬೇಟೆಗಾರನ ಕೈಗೂ ಅಷ್ಟೇ ನಿಖರ. ಜನರು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಲ್ಲಿರುವ ಜೀವಿಗಳ ಜಾಗವನ್ನು 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಕಡೆ ತೋರಿಸಿ ಮರೆಮಾಡುತ್ತದೆ. ಅದೇ ಫೋಟೊವನ್ನು ನೀವು ಊರಿನ ಹೆಸರು ಹಾಕಿ ಗುಂಪಿಗೆ ಹರಿಬಿಟ್ಟರೆ ಆ ಮರೆ ಕಳಚಿಬೀಳುತ್ತದೆ. ಗೂಡು, ಬಿಲ, ಗವಿಯ ಜಾಗವನ್ನು ಯೋಜನೆಯವರಿಗೆ ಮಾತ್ರ ತಿಳಿಸಿ. ಫೋನ್ ಫೋಟೊದೊಳಗೆ ಅಡಗಿರುವ ಸ್ಥಳದ ಅಂಕಿಯನ್ನು ಅಳಿಸದೆ ಹೊರಗೆ ಕಳಿಸಬೇಡಿ.

ಒಂದು ಹೊಳೆಯಿಂದ ಇನ್ನೊಂದು ಹೊಳೆಗೆ ಹೋಗುವ ಮುನ್ನ ಬೂಟಿನ ಕೆಸರು ತಿಕ್ಕಿ ತೊಳೆದು ಒಣಗಿಸಿ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಕೆಸರಿನ ಜೊತೆ ಸಾಗಬಲ್ಲದು.

ಕ್ಯಾಮೆರಾ ಬಿಚ್ಚುವ ಮೊದಲು ಮರದ ಫೋಟೊ, ಕ್ಯಾಮೆರಾ ಕಂಡ ದಿಕ್ಕಿನ ಫೋಟೊ, ದಿಕ್ಸೂಚಿಯ ಡಿಗ್ರಿ, ನೆಲದಿಂದ ಎತ್ತರ, ದಾರಿಗೆ ಇರುವ ದೂರ ಇಷ್ಟನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಮರಕ್ಕೆ, ಅದೇ ಎತ್ತರದಲ್ಲಿ ಕಟ್ಟಲು ಬರುವವರು ನೀವೇ ಆಗಿರುತ್ತೀರಿ ಎಂದೇನಿಲ್ಲ.